ದ್ವೀಪಕ್ಕೆ ಎರಡನೆಯ ದಾರಿ ಬೇಕು

ಹೊಸ ಸೇತುವೆಯದ್ದೋ ಸುರಂಗದ್ದೋ ನಕ್ಷೆ ಮುಂದೆ ಬಂದಾಗ ಎಲ್ಲರೂ ಅದರ ಉದ್ದ, ಎತ್ತರ, ಖರ್ಚು ಕೇಳುತ್ತಾರೆ. ಹಳೆಯ ಸೇತುವೆಗಳ ತಪಾಸಣೆಯನ್ನೇ ಕಸುಬಾಗಿಸಿಕೊಂಡ ನನಗೆ ಬೇರೆ ಪ್ರಶ್ನೆ ಮೊದಲು ಬರುತ್ತದೆ: ಮುಂದೊಂದು ದಿನ ಇದನ್ನು ರಿಪೇರಿಗೆ ಮುಚ್ಚಿದರೆ ಜನ ಎಲ್ಲಿಂದ ದಾಟಬೇಕು? ಆ ದಿನ ಬಂದೇ ಬರುತ್ತದೆ. ಉಪ್ಪುನೀರಿನ ಮೇಲೆ ಕಟ್ಟಿದ್ದಿರಲಿ, ಕೆಳಗೆ ಕೊರೆದದ್ದಿರಲಿ, ಯಾವುದೂ ಇದಕ್ಕೆ ಹೊರತಲ್ಲ. ಈ ಮಾತನ್ನು ಅರ್ಥ ಮಾಡಿಕೊಳ್ಳಬೇಕೆಂದರೆ ನ್ಯೂಯಾರ್ಕ್‌ನ ಈಸ್ಟ್ ರಿವರ್ ಕಡೆ ನೋಡಬೇಕು.

ಮ್ಯಾನ್‌ಹ್ಯಾಟನ್‌ಗೂ ಲಾಂಗ್ ಐಲ್ಯಾಂಡ್ ದ್ವೀಪಕ್ಕೂ ನಡುವೆ ಇರುವ ಈ ನೀರು ಎರಡೂ ತುದಿಯಲ್ಲಿ ಕಡಲಿಗೆ ತೆರೆದುಕೊಂಡಿದೆ. ಉಬ್ಬರ ಇಳಿತಕ್ಕೆ ತಕ್ಕಂತೆ ಹರಿವಿನ ದಿಕ್ಕೇ ಬದಲಾಗುತ್ತದೆ. ದ್ವೀಪದ ಪಶ್ಚಿಮ ತುದಿಯಲ್ಲಿರುವ ಬ್ರೂಕ್ಲಿನ್ ಮತ್ತು ಕ್ವೀನ್ಸ್‌ನ ಜನ 1883ರವರೆಗೆ ದೋಣಿಯನ್ನೇ ನಂಬಿದ್ದರು. ಆ ವರ್ಷ ಬ್ರೂಕ್ಲಿನ್ ಸೇತುವೆ ತೆರೆಯಿತು. 1903ರಲ್ಲಿ ವಿಲಿಯಮ್ಸ್‌ಬರ್ಗ್, 1909ರಲ್ಲಿ ಕ್ವೀನ್ಸ್‌ಬರೊ ಮತ್ತು ಮ್ಯಾನ್‌ಹ್ಯಾಟನ್ ಸೇತುವೆಗಳು ಬಂದವು. ಅಷ್ಟರೊಳಗೆ, 1908ರಲ್ಲಿ, ನೀರಿನಡಿಯ ಮೊದಲ ಸಬ್‌ವೇ (ನಗರದ ನೆಲದಡಿಯ ರೈಲು) ಸುರಂಗವೂ ಶುರುವಾಗಿತ್ತು.

ಮೊದಲು ಸೇತುವೆಯೇ ಏಕೆ ಬಂತು? ಆಗಿನ ಕಾಲಕ್ಕೆ ಅಂಥ ತಳದಲ್ಲಿ ದೊಡ್ಡ ಸುರಂಗ ಕೊರೆಯುವ ಅನುಭವ ಸಾಲದಾಗಿತ್ತು. ಆದರೆ ಸೇತುವೆಗೂ ಅದರದೇ ತೊಡಕಿತ್ತು. ಹಾಯಿಹಡಗುಗಳ ಕಂಬ ತಗಲದಂತೆ ಅದನ್ನು ನೀರಿನಿಂದ 135 ಅಡಿ, ಅಂದರೆ ಸುಮಾರು 41 ಮೀಟರ್, ಮೇಲೆತ್ತಬೇಕಿತ್ತು. ನೂರು ಮೀಟರಿಗೆ ಮೂರು ಮೀಟರ್‌ನಂತೆ ಏರುತ್ತ ಹೋದರೆ ಆ ಎತ್ತರ ಮುಟ್ಟಲು ಸುಮಾರು 1,370 ಮೀಟರ್ ಬೇಕು. ಹಾಗಾಗಿ ಸೇತುವೆ ನೀರಿನ ಮೇಲೆ ಎಷ್ಟು ಜಾಗ ಹಿಡಿಯುತ್ತದೋ ಅದಕ್ಕಿಂತ ಹೆಚ್ಚು ಊರನ್ನು ನುಂಗುತ್ತದೆ. ನೀರಿನ ಅಗಲಕ್ಕಿಂತ ದಡದಲ್ಲಿ ಎಷ್ಟು ಖಾಲಿ ಜಾಗ ಉಳಿದಿದೆ ಎಂಬುದೇ ಸೇತುವೆಯೋ ಸುರಂಗವೋ ಎನ್ನುವುದನ್ನು ಎಷ್ಟೋ ಸಲ ತೀರ್ಮಾನಿಸುತ್ತದೆ.

ಬ್ರೂಕ್ಲಿನ್ ಸೇತುವೆಯ ಅಡಿಪಾಯದ ಕತೆಯನ್ನು ಬಿಟ್ಟು ಮುಂದೆ ಹೋಗಲಾರೆ. ತಳವಿಲ್ಲದ ದೈತ್ಯ ಮರದ ಪೆಟ್ಟಿಗೆಗಳನ್ನು, ಅಂದರೆ ಕೈಸನ್‌ಗಳನ್ನು, ಬೋರಲಾಗಿ ನದಿಯೊಳಗೆ ಇಳಿಸಿ, ನೀರು ನುಗ್ಗದಂತೆ ಒಳಗೆ ಒತ್ತಡದ ಗಾಳಿ ತುಂಬಿ, ಅದರೊಳಗೆ ನಿಂತು ಕೂಲಿಗಳು ತಳ ಅಗೆದರು. ಬ್ರೂಕ್ಲಿನ್ ಕಡೆ 44 ಅಡಿಗೆ ನಿಂತ ಅಗೆತ ಮ್ಯಾನ್‌ಹ್ಯಾಟನ್ ಕಡೆ 78 ಅಡಿ ದಾಟಿತು. ಆಳ ಹೆಚ್ಚಿದಂತೆ ಗಾಳಿಯ ಒತ್ತಡವನ್ನೂ ಹೆಚ್ಚಿಸಬೇಕು. ಆಗ ರಕ್ತದಲ್ಲಿ ಕರಗುವ ಸಾರಜನಕ, ಕೆಲಸಗಾರ ಬೇಗ ಮೇಲೆ ಬಂದರೆ ಗುಳ್ಳೆಗಳಾಗಿ ಹೊರಬೀಳುತ್ತದೆ. ಕೀಲು ಹಿಡಿಯುವುದು, ಲಕ್ವ, ಸಾವು, ಎಲ್ಲವೂ ಆದವು. ಬಂಡೆ ಇನ್ನೂ ಕೆಳಗಿದ್ದರೂ, ಗಟ್ಟಿಯಾಗಿ ಕೂತ ಮರಳಿನ ಮೇಲೆಯೇ ಮ್ಯಾನ್‌ಹ್ಯಾಟನ್ ಕಡೆಯ ಗೋಪುರ ನಿಲ್ಲಿಸಲು ಮುಖ್ಯ ಎಂಜಿನಿಯರ್ ವಾಷಿಂಗ್ಟನ್ ರೋಬ್ಲಿಂಗ್ 1872ರಲ್ಲಿ ತೀರ್ಮಾನಿಸಿದರು. ಇನ್ನಷ್ಟು ಜೀವಗಳನ್ನು ಬಲಿ ಕೊಡುವುದಕ್ಕಿಂತ ಮಣ್ಣನ್ನು ನಂಬುವುದು ಮೇಲು ಎಂಬ ಆ ನಿರ್ಧಾರವನ್ನು ನಾನು ಬಹಳ ಗೌರವಿಸುತ್ತೇನೆ. ಗೋಪುರ ಇವತ್ತಿಗೂ ಅದೇ ಮರಳಿನ ಮೇಲಿದೆ. ರೋಬ್ಲಿಂಗ್ ಸ್ವತಃ ಅದೇ ರೋಗಕ್ಕೆ ತುತ್ತಾಗಿ ಹಾಸಿಗೆ ಹಿಡಿದರು. ಅವರ ಸೂಚನೆಗಳನ್ನು ಕೆಲಸದ ಜಾಗಕ್ಕೆ ತಲುಪಿಸಿ, ಸೇತುವೆಯನ್ನು ತೂಗಿ ಹಿಡಿಯುವ ಕೇಬಲ್‌ಗಳ ಲೆಕ್ಕವನ್ನೂ ಕಲಿತು, ಕೆಲಸ ನಿಲ್ಲದಂತೆ ನೋಡಿಕೊಂಡವರು ಹೆಂಡತಿ ಎಮಿಲಿ.

ಸುರಂಗದವರಿಗೂ ಇದೇ ಒತ್ತಡದ ಗಾಳಿ ಬೇಕಿತ್ತು, ಆದರೆ ಅವರ ಸಂಕಟ ಇನ್ನೂ ಸೂಕ್ಷ್ಮ. ಏಳು ಮೀಟರ್ ವ್ಯಾಸದ ಸುರಂಗ ಎಂದುಕೊಳ್ಳಿ. ಅದರ ನೆತ್ತಿ ನೀರಿನ ಮಟ್ಟದಿಂದ 20 ಮೀಟರ್ ಕೆಳಗಿದ್ದರೆ ಪಾದ 27 ಮೀಟರ್ ಕೆಳಗಿರುತ್ತದೆ. ಹೊರಗಿನ ನೀರಿನ ಒತ್ತಡ ಕೆಳಗೆ ಹೆಚ್ಚು, ಮೇಲೆ ಕಡಿಮೆ. ಒಳಗಿನ ಗಾಳಿಯ ಒತ್ತಡ ಮಾತ್ರ ಎಲ್ಲ ಕಡೆಯೂ ಒಂದೇ. ಪಾದದಲ್ಲಿ ನೀರು ತಡೆಯುವಷ್ಟು ಗಾಳಿ ಕೊಟ್ಟರೆ ನೆತ್ತಿಯಲ್ಲಿ ಅದು ಮರಳನ್ನು ಸೀಳಿಕೊಂಡು ಮೇಲೆ ಚಿಮ್ಮುತ್ತದೆ. ಕಡಿಮೆ ಕೊಟ್ಟರೆ ಕೆಳಗಿನಿಂದ ನೀರು. ಈಸ್ಟ್ ರಿವರ್‌ನಲ್ಲಿ ಕೆಲವೆಡೆ ಕೆಳಗೆ ಬಂಡೆ, ಮೇಲೆ ಮರಳು. ಇದಕ್ಕಿಂತ ಕೆಟ್ಟ ನೆಲ ಸುರಂಗದವನಿಗೆ ಸಿಗಲಾರದು. ಪೆನ್ಸಿಲ್ವೇನಿಯಾ ರೈಲ್‌ರೋಡ್ ಕಂಪನಿ 1910ರಲ್ಲಿ ತೆರೆದ ನಾಲ್ಕು ಸುರಂಗಗಳನ್ನು ಕೊರೆಯುವಾಗ, ಗಾಳಿ ಸೋರದಿರಲೆಂದು ದೋಣಿಗಳಿಂದ ನದಿಯ ತಳದ ಮೇಲೆ ಜೇಡಿಮಣ್ಣು ಸುರಿಯುತ್ತಿದ್ದರು. 1916ರಲ್ಲಿ ಇನ್ನೊಂದು ಸಬ್‌ವೇ ಸುರಂಗದ ನೆತ್ತಿ ಒಡೆದು, ಮೂವರು ಕೆಲಸಗಾರರು ಗಾಳಿಯ ಜತೆ ನದಿಯ ತಳ ಸೀಳಿಕೊಂಡು ಮೇಲೆ ಎಸೆಯಲ್ಪಟ್ಟರು. ಬದುಕಿದ್ದು ಒಬ್ಬರೇ.

ಕಟ್ಟುವಾಗಿನ ಈ ಸಾಹಸಗಳ ಬಗ್ಗೆ ಬಹಳ ಜನ ಬರೆದಿದ್ದಾರೆ. ಆಮೇಲಿನ ನೂರು ವರ್ಷಗಳ ಬಗ್ಗೆ ಬರೆಯುವವರು ಕಡಿಮೆ.

ಬ್ರೂಕ್ಲಿನ್ ಸೇತುವೆಗೆ ತಂತಿ ಪೂರೈಸಿದ ಗುತ್ತಿಗೆದಾರ ಪರೀಕ್ಷೆಯಲ್ಲಿ ಪಾಸಾದ ತಂತಿಯನ್ನು ದಾರಿಯಲ್ಲೇ ಬದಲಿಸಿ ಕಳಪೆ ತಂತಿ ಕಳಿಸಿದ್ದು 1878ರಲ್ಲಿ ಬಯಲಾಯಿತು. ಕೇಬಲ್‌ಗೆ ಸೇರಿಹೋದದ್ದನ್ನು ಬಿಚ್ಚುವಂತಿರಲಿಲ್ಲ. ಪ್ರತಿ ಕೇಬಲ್‌ಗೂ ಸುಮಾರು 150 ಹೆಚ್ಚುವರಿ ತಂತಿ ಸೇರಿಸಿದರು. ಮೊದಲ ಲೆಕ್ಕದಲ್ಲೇ ಬೇಕಾದದ್ದರ ಆರು ಪಟ್ಟು ಬಲ ಇಟ್ಟುಕೊಂಡಿದ್ದರಿಂದ ಸೇತುವೆ ಉಳಿಯಿತು. ಆ ತಂತಿಗೆ ಸತುವಿನ ಲೇಪವೂ ಇತ್ತು. ಇಪ್ಪತ್ತು ವರ್ಷದ ನಂತರ ಬಂದ ವಿಲಿಯಮ್ಸ್‌ಬರ್ಗ್ ಸೇತುವೆಯ ತಂತಿಗೆ ಆ ಲೇಪವನ್ನೇ ಬಿಟ್ಟರು. ಕೇಬಲ್‌ಗೆ ತುಕ್ಕು ಹಿಡಿಯಿತು. 1988ರ ತಪಾಸಣೆಯಲ್ಲಿ ಉಕ್ಕಿನ ತೊಲೆಗಳಲ್ಲೂ ತುಕ್ಕಿನ ಹಾನಿ ನೋಡಿ ಸೇತುವೆಯನ್ನು ಸುಮಾರು ಎರಡು ತಿಂಗಳು ಮುಚ್ಚಬೇಕಾಯಿತು. ಕೆಡವಿ ಹೊಸದು ಕಟ್ಟುವ ಮಾತೂ ಬಂತು.

ಇಂಥ ಕೇಬಲ್‌ನ ಆರೋಗ್ಯ ಹೊರಗಿನಿಂದ ತಿಳಿಯುವುದಿಲ್ಲ. ಮೇಲೆ ಸುತ್ತಿದ ತಂತಿ ಬಿಚ್ಚಿ, ಬೆಣೆ ಹೊಡೆದು, ನಡುವಿನವರೆಗೂ ಬಿಡಿಸಿ ನೋಡಬೇಕು. ಬಿಳಿ ಪುಡಿ ಕಂಡರೆ ಸತು ಕರಗುತ್ತಿದೆ ಎಂದರ್ಥ. ಕಂದು ಬಣ್ಣ ಕಂಡರೆ ಉಕ್ಕೇ ಕರಗುತ್ತಿದೆ. ಮುರಿದ ತಂತಿಗಳನ್ನು ಎಣಿಸಿ, ಕೆಲವು ತುಂಡು ಕತ್ತರಿಸಿ ಲ್ಯಾಬಿಗೆ ಕಳಿಸಿ, ಉಳಿದ ಬಲವನ್ನು ಲೆಕ್ಕ ಹಾಕುತ್ತೇವೆ. ನೀರು ಸಾಮಾನ್ಯವಾಗಿ ಕೇಬಲ್‌ನ ತಗ್ಗು ಭಾಗದಲ್ಲಿ ನಿಲ್ಲುವುದರಿಂದ ಬೆಣೆ ಅಲ್ಲಿಗೇ ಮೊದಲು ಬೀಳುತ್ತದೆ.

ಮ್ಯಾನ್‌ಹ್ಯಾಟನ್ ಸೇತುವೆಯ ಕಾಯಿಲೆ ಬೇರೆ. ನಾಲ್ಕು ರೈಲು ಹಳಿಗಳನ್ನು ನಡುವೆ ಹಾಕದೆ, ಎರಡೆರಡಾಗಿ ಎರಡು ಅಂಚಿಗೆ ಹಾಕಿದರು. ಒಂದು ಬದಿಯಲ್ಲಿ ರೈಲು ಬಂದಾಗ, ಅಡ್ಡೆಯ ಒಂದೇ ತುದಿಗೆ ಕೊಡ ತೂಗಿಸಿದ ಹಾಗೆ ಆ ಬದಿ ಅಡಿಗಟ್ಟಲೆ ತಗ್ಗುತ್ತಿತ್ತು. ಹೀಗೆ ದಿನವೂ ತಿರುಚಿ ತಿರುಚಿ ಉಕ್ಕು ಬಿರುಕು ಬಿಟ್ಟಿತು. 1986ರಿಂದ 2004ರವರೆಗೆ ಹೆಚ್ಚುಕಮ್ಮಿ ಎಲ್ಲ ಕಾಲದಲ್ಲೂ ಒಂದು ಬದಿಯ ಹಳಿ ಬಂದ್ ಆಗಿತ್ತು. ಹದಿನೆಂಟು ವರ್ಷ! ಆದರೂ ಬ್ರೂಕ್ಲಿನ್ ದ್ವೀಪವಾಗಿ ಉಳಿಯಲಿಲ್ಲ. ರೈಲುಗಳನ್ನು ಬೇರೆ ಸುರಂಗಗಳಿಗೆ ತಿರುಗಿಸಿದರು. ಜನ ಗೊಣಗಿದರು, ತಡವಾಗಿ ತಲುಪಿದರು, ಆದರೆ ತಲುಪಿದರು. ಹಿಂದಿನ ತಲೆಮಾರು ಒಂದರ ಪಕ್ಕ ಒಂದು ದಾರಿ ಮಾಡಿಟ್ಟಿದ್ದರಿಂದಲೇ ಈ ರಿಪೇರಿ ಸಾಧ್ಯವಾಯಿತು.

ಸುರಂಗಗಳ ಪರೀಕ್ಷೆ 2012ರ ಅಕ್ಟೋಬರ್‌ನಲ್ಲಿ ಬಂತು. ಸ್ಯಾಂಡಿ ಚಂಡಮಾರುತದ ಕಡಲನೀರು 1910ರ ನಾಲ್ಕು ಸುರಂಗಗಳಲ್ಲಿ ಎರಡಕ್ಕೆ ನುಗ್ಗಿತು. 1950ರ ಬ್ರೂಕ್ಲಿನ್-ಬ್ಯಾಟರಿ ವಾಹನ ಸುರಂಗವೂ, 1924ರ ಕ್ಯಾನಾರ್ಸಿ ಸಬ್‌ವೇ ಸುರಂಗವೂ ಮುಳುಗಿದವು. ನೀರನ್ನು ಪಂಪ್ ಮಾಡಿ ತೆಗೆಯಬಹುದು. ಕಾಂಕ್ರೀಟಿನೊಳಗೆ ಇಳಿದ ಉಪ್ಪನ್ನು ತೆಗೆಯಲಾಗದು. ಅದು ವರ್ಷಗಟ್ಟಲೆ ಒಳಗೇ ಇದ್ದು ಕಬ್ಬಿಣವನ್ನೂ ಕೇಬಲ್‌ಗಳನ್ನೂ ತಿನ್ನುತ್ತದೆ. ಕ್ಯಾನಾರ್ಸಿಯನ್ನು 15 ತಿಂಗಳು ಪೂರ್ತಿ ಮುಚ್ಚುವ ಯೋಜನೆ ಸಿದ್ಧವಾಗಿತ್ತು. 2019ರ ಆರಂಭದಲ್ಲಿ ಯೋಚನೆ ಬದಲಾಯಿತು. ಹಾಳಾದ ಕಾಂಕ್ರೀಟ್ ಕಟ್ಟೆ ಒಡೆದು ಅದರೊಳಗಿನ ವಿದ್ಯುತ್ ಕೇಬಲ್ ತೆಗೆಯುವ ಬದಲು, ಹಳೆಯದನ್ನು ಅಲ್ಲೇ ಬಿಟ್ಟು ಹೊಸ ಕೇಬಲ್‌ಗಳನ್ನು ಗೋಡೆಗೆ ತೂಗುಹಾಕಿದರು. ರಾತ್ರಿ ಮತ್ತು ವಾರಾಂತ್ಯದ ಕೆಲಸದಲ್ಲೇ 2020ರ ಏಪ್ರಿಲ್‌ಗೆ ರಿಪೇರಿ ಮುಗಿಯಿತು. ಕೇಬಲ್‌ಗಳನ್ನು ಕಣ್ಣಿಗೆ ಕಾಣುವಂತೆ, ಕೈಗೆ ಸಿಗುವಂತೆ ಇಡಬೇಕು ಎಂಬ ಸರಳ ಮಾತು ಮೊದಲ ದಿನವೇ ನಕ್ಷೆಗೆ ಬಂದಿದ್ದರೆ ಎಷ್ಟು ಚೆನ್ನಾಗಿತ್ತು.

ಇದಕ್ಕೆಲ್ಲ ಎದುರಾಗಿ ಅದೇ ನಗರದ ಇನ್ನೊಂದು ದ್ವೀಪವನ್ನು ನೋಡಿ. ಸ್ಟೇಟನ್ ಐಲ್ಯಾಂಡ್ 1898ರಿಂದ ನ್ಯೂಯಾರ್ಕ್ ನಗರದ ಭಾಗ. ಬ್ರೂಕ್ಲಿನ್‌ನಿಂದ ಅಲ್ಲಿಗೆ ರೈಲು ಸುರಂಗ ಮಾಡಲು 1923ರಲ್ಲಿ ಎರಡೂ ದಡದಲ್ಲಿ ಬಾವಿ ತೋಡಿದರು, 1925ರಲ್ಲಿ ಕೈಬಿಟ್ಟರು. 1964ರಲ್ಲಿ ಎರಡು ಗೋಪುರಗಳ ನಡುವೆ 1,298 ಮೀಟರ್ ಹರವಿನ ವೆರಾಜಾನೊ-ನ್ಯಾರೋಸ್ ಸೇತುವೆ ಬಂತು, ಆ ಹರವು ಆಗ ಜಗತ್ತಿನಲ್ಲೇ ಉದ್ದನೆಯದು. ಅದರ ಮೇಲೆ ರೈಲಿಲ್ಲ. 1969ರಲ್ಲಿ ಕೆಳ ಅಂತಸ್ತನ್ನೂ ತೆರೆದರು. ಆದರೆ ಎರಡು ಅಂತಸ್ತನ್ನು ಎರಡು ದಾರಿ ಎಂದು ಎಣಿಸುವಂತಿಲ್ಲ. ಎರಡನ್ನೂ ಹೊತ್ತಿರುವುದು ಅದೇ ನಾಲ್ಕು ಕೇಬಲ್‌ಗಳು. ನ್ಯೂಜೆರ್ಸಿ ಕಡೆಗೆ ಸೇತುವೆಗಳಿವೆ ನಿಜ, ಆದರೆ ನಗರದ ಉಳಿದ ಭಾಗಕ್ಕೆ ನೇರವಾಗಿ ಒಯ್ಯುವ ರಸ್ತೆ ಇದೊಂದೇ. ಇಷ್ಟು ಭಾರವನ್ನು ಒಂದೇ ಸೇತುವೆಯ ಮೇಲೆ ಹೊರಿಸಿದ್ದು ಸರಿಯಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಆ ರೈಲು ಸುರಂಗದ ಮಾತನ್ನು ನಗರ ಮತ್ತೆ ಎತ್ತಬೇಕು. ಎತ್ತುವವರೆಗೆ, 1997ರಿಂದ ಕಾಸಿಲ್ಲದೆ ಹಗಲೂ ರಾತ್ರಿ ಓಡುತ್ತಿರುವ ಫೆರ್ರಿಯ ಖರ್ಚಿಗೆ ಯಾರೂ ಕತ್ತರಿ ಹಾಕಬಾರದು. ಅಲ್ಲಿನ ಜನಕ್ಕೆ ಎರಡನೆಯ ದಾರಿ ಸದ್ಯಕ್ಕೆ ಅದೇ.