ಹೆಸರಿಗೊಬ್ಬ ಸಂತ, ಸಂತನಿಗೊಂದು ದಿನ

ಇಟಲಿಯ ಜಿನೋವಾದಲ್ಲಿ ದಂಪತಿಯೊಂದು ತಮ್ಮ ಗಂಡುಮಗುವಿಗೆ ‘ವೆನೆರ್ದಿ’ ಎಂದು ಹೆಸರಿಟ್ಟಿತು. ಹಾಗೆಂದರೆ ಶುಕ್ರವಾರ. ನಗೆಪಾಟಲಿಗೆ ಈಡುಮಾಡುವ ಹೆಸರನ್ನು ಅಲ್ಲಿನ ಕಾನೂನು ಒಪ್ಪುವುದಿಲ್ಲ. 2007ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ಹೆಸರನ್ನು ತಳ್ಳಿಹಾಕಿತು. ಬದಲಿಗೆ ಯಾವುದು? ಮಗು ಹುಟ್ಟಿದ್ದು ಸಂತ ಗ್ರೆಗೊರಿಯ ಹಬ್ಬದ ದಿನ, ಹಾಗಾಗಿ ‘ಗ್ರೆಗೋರಿಯೊ’. ಸರ್ಕಾರಿ ಕಡತಕ್ಕೂ ಕೊನೆಗೆ ದಾರಿ ತೋರಿಸಿದ್ದು ಚರ್ಚಿನ ಪಂಚಾಂಗವೇ.

ಮಗುವಿಗೆ ಸಂತರ ಹೆಸರಿಡುವ ರೂಢಿ ಮೊದಲಿನಿಂದಲೂ ಇಷ್ಟು ಗಟ್ಟಿಯಾಗಿರಲಿಲ್ಲ. ಮಧ್ಯಯುಗದ ಟಸ್ಕನಿಯಲ್ಲಿ ‘ದೇವರು ನಿನ್ನನ್ನು ಕಾಯಲಿ’ ಎಂಬರ್ಥದ ದಿಯೊತಿಸಾಲ್ವಿಯಂಥ ಹೆಸರುಗಳು ಓಡಾಡುತ್ತಿದ್ದವು. ಅಸ್ಸೀಸಿಯ ಬಟ್ಟೆ ವ್ಯಾಪಾರಿಯೊಬ್ಬನ ಮಗನಿಗೆ ದೀಕ್ಷಾಸ್ನಾನದಲ್ಲಿ ಇಟ್ಟ ಹೆಸರು ಜೊವಾನ್ನಿ. ಫ್ರಾನ್ಸಿನಿಂದ ಮರಳಿದ ಅಪ್ಪ ಅವನನ್ನು ‘ಫ್ರಾಂಚೆಸ್ಕೊ’, ಅಂದರೆ ಫ್ರೆಂಚಿನವ, ಎಂದು ಕರೆಯತೊಡಗಿದ. 1228ರಲ್ಲಿ ಮಗ ಸಂತನಾದ. ಅಪ್ಪನ ಮುದ್ದಿನ ಹೆಸರು ಮನೆಮನೆಯ ತೊಟ್ಟಿಲು ಸೇರಿತು.

ರೂಢಿ ನಿಯಮವಾದದ್ದು 1563ರಲ್ಲಿ ಮುಗಿದ ಕ್ಯಾಥೊಲಿಕ್ ಚರ್ಚಿನ ಟ್ರೆಂಟ್ ಮಹಾಸಭೆಯ ನಂತರ. ಮಗುವಿಗೆ ಸಂತರ ಹೆಸರಿಡಬೇಕೆಂದು 1566ರ ಧರ್ಮಬೋಧೆ ಹೇಳಿತು. 1917ರ ಚರ್ಚ್ ಕಾನೂನು ಇನ್ನೂ ಜಾಣ: ತಂದೆತಾಯಿ ಹಟ ಹಿಡಿದರೆ ಪಾದ್ರಿ ಅವರಿಟ್ಟ ಹೆಸರಿನ ಜೊತೆಗೆ ಸಂತರೊಬ್ಬರದನ್ನೂ ಸೇರಿಸಿ ಎರಡನ್ನೂ ದಾಖಲಿಸಬೇಕು. 1983ರಲ್ಲಿ ಇದು ಸಡಿಲವಾಯಿತು.

ಪ್ರತಿಭಟಿಸಿದವರೂ ಇದ್ದರು. 1883ರಲ್ಲಿ ಸಮಾಜವಾದಿ ಕಮ್ಮಾರ ಅಲೆಸ್ಸಾಂದ್ರೊ ಮುಸೊಲಿನಿ ಮುಂದೆ ಸರ್ವಾಧಿಕಾರಿಯಾದ ತನ್ನ ಮಗನಿಗೆ, ಚರ್ಚಿನ ಅಧಿಕಾರಕ್ಕೆ ಎದುರಾಗಿದ್ದ ಮೆಕ್ಸಿಕೊ ಅಧ್ಯಕ್ಷ ಬೆನಿತೊ ಹುವಾರೆಸ್‌ನ ಹೆಸರಿಟ್ಟು, ಇಟಲಿಯ ಸಮಾಜವಾದಿ ಆಂದ್ರೆಯಾ ಕೊಸ್ತಾನ ಹೆಸರನ್ನೂ ಸೇರಿಸಿದ. ಆದರೆ ಆಂದ್ರೆಯಾ ಎಂಬುದು ಯೇಸುವಿನ ಶಿಷ್ಯನ ಹೆಸರು! ತಪ್ಪಿಸಿಕೊಳ್ಳುವುದು ಅಷ್ಟು ಸುಲಭವಿರಲಿಲ್ಲ.

ಹೆಸರು ಉಳಿದುಬಂದದ್ದು ಚರ್ಚಿನ ಕಾವಲಿನಿಂದಲ್ಲ, ಮನೆಯ ಹಂಗಿನಿಂದ ಎಂದು ನನಗನ್ನಿಸುತ್ತದೆ. ದಕ್ಷಿಣ ಇಟಲಿಯಲ್ಲಿ ಮೊದಲ ಮಗನಿಗೆ ಅಪ್ಪನ ಅಪ್ಪನ ಹೆಸರು. ತಾತನ ಹೆಸರಿಡುವ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನೇಪಲ್ಸಿನ ತಾತ ಜೆನ್ನಾರೊ ಆಗಿದ್ದರೆ ಮೊಮ್ಮಗನೂ ಜೆನ್ನಾರೊ. ಆ ಊರಿನ ಪಾಲಕ ಸಂತ ಸಾನ್ ಜೆನ್ನಾರೊ. ಗಾಜಿನ ಕುಪ್ಪಿಯಲ್ಲಿ ಹೆಪ್ಪುಗಟ್ಟಿರುವ, ಅವನದೆಂದು ನಂಬುವ ರಕ್ತ ಕರಗುವುದನ್ನು ಕಾಣಲು ಸೆಪ್ಟೆಂಬರ್ 19ರಂದು ಭಕ್ತರು ಮಹಾದೇವಾಲಯದಲ್ಲಿ ಕಿಕ್ಕಿರಿಯುತ್ತಾರೆ.

ಸಂತನ ಹಬ್ಬವೇ ಅವನ ಹೆಸರಿನವರಿಗೆಲ್ಲ ‘ಓನೊಮಾಸ್ತಿಕೊ’, ಅಂದರೆ ಹೆಸರಿನ ದಿನ. ಹುಟ್ಟುಹಬ್ಬದ ತಾರೀಖು ಮನೆಯವರಿಗಷ್ಟೇ ನೆನಪಿದ್ದೀತು. ಇದು ಎಲ್ಲರಿಗೂ ಗೊತ್ತು. ಸಂತ ಜ್ಯುಸೆಪ್ಪೆಯ, ಅಂದರೆ ಜೋಸೆಫನ, ಹಬ್ಬವಾದ ಮಾರ್ಚ್ 19 ಬಂತೆಂದರೆ ಜ್ಯುಸೆಪ್ಪೆ, ಜ್ಯುಸೆಪ್ಪೀನಾಗಳ ಫೋನು ಬೆಳಗಿನಿಂದಲೇ ರಿಂಗಣಿಸುತ್ತದೆ. ನೇಪಲ್ಸಿನ ಮಿಠಾಯಿ ಅಂಗಡಿಗಳಲ್ಲಿ ‘ಝೆಪ್ಪೊಲೆ’ ಸಾಲುಗಟ್ಟುತ್ತವೆ: ಕರಿದ ಹಿಟ್ಟಿನ ಬಳೆ, ಮೇಲೆ ಕೆನೆಯಂಥ ಕಸ್ಟರ್ಡ್, ಅದರ ನೆತ್ತಿಯಲ್ಲೊಂದು ಕಪ್ಪು ಚೆರಿ.

ಯಾವ ಸಂತನದೂ ಅಲ್ಲದ ಹೆಸರು ಹೊತ್ತವರಿಗೂ ಶುಭಾಶಯ ತಪ್ಪುವುದಿಲ್ಲ. ಅವರ ಪಾಲಿಗೆ ನವೆಂಬರ್ 1, ಸಕಲ ಸಂತರ ಹಬ್ಬ.