ಪದ ಪರಿಚಯ: ಅಸೋಸಿಯೇಟಿವಿಟಿ

ಕ್ಯಾಡ್‌ನಲ್ಲಿ (ಡಿಸೈನ್ ಮಾಡುವ ಸಾಫ್ಟ್‌ವೇರ್) ಮಾಡಿದ ಮಾಡೆಲ್‌ಗೂ ಅದನ್ನು ಕತ್ತರಿಸಲು ಕ್ಯಾಮ್‌ನಲ್ಲಿ (ಮಷೀನ್‌ಗೆ ಪ್ರೋಗ್ರಾಂ ಮಾಡುವ ಸಾಫ್ಟ್‌ವೇರ್) ತಯಾರಿಸಿದ ಟೂಲ್‌ಪಾತ್‌ಗೂ, ಅಂದರೆ ಟೂಲ್ ಸಾಗುವ ದಾರಿಗೂ, ಇರುವ ನಂಟೇ ಅಸೋಸಿಯೇಟಿವಿಟಿ. ಡಿಸೈನ್ ಬದಲಾದರೆ ಟೂಲ್‌ಪಾತನ್ನು ಮೊದಲಿನಿಂದ ಕಟ್ಟಬೇಕಿಲ್ಲ, ಮತ್ತೆ ಲೆಕ್ಕ ಹಾಕಲು ರೀಜನರೇಟ್ ಕೊಟ್ಟರಾಯಿತು.

ಅಲ್ಯೂಮಿನಿಯಂ ಪ್ಲೇಟೊಂದರಲ್ಲಿ 8 ಮಿ.ಮೀ. ಆಳದ ಪಾಕೆಟ್ (ಕೊರೆದು ಮಾಡುವ ತಗ್ಗು) ಇದೆ ಎನ್ನಿ. ಅದನ್ನು 12 ಮಿ.ಮೀ. ಆಳಕ್ಕೆ ಇಳಿಸಬೇಕಾಯಿತು. ಪ್ಯಾರಾಮೆಟ್ರಿಕ್ (ಅಳತೆಗಳಿಂದಲೇ ಆಕಾರ ಕಟ್ಟುವ) ಮಾಡೆಲ್ ಆದ್ದರಿಂದ ಒಂದು ಅಂಕಿ ತಿದ್ದಿದರೆ ಆಕಾರವೆಲ್ಲ ಬದಲಾಗುತ್ತದೆ. ಯಾವ ಮುಖ, ಯಾವ ಟೂಲ್, ಒಂದೊಂದು ಪಾಸ್‌ಗೆ (ಟೂಲ್‌ನ ಒಂದು ಸುತ್ತಿಗೆ) ಎಷ್ಟು ಆಳ ಎಂಬುದನ್ನು ಕ್ಯಾಮ್ ಆಪರೇಷನ್ ನೆನಪಿಟ್ಟುಕೊಂಡಿರುತ್ತದೆ; ಅದರಿಂದಲೇ ಹೊಸ ದಾರಿ ಲೆಕ್ಕ ಹಾಕುತ್ತದೆ. ಆದರೆ ಆಳದ ಖಾನೆಯಲ್ಲಿ ನೀವು ಕೈಯಾರೆ 8 ಎಂದು ಬರೆದಿದ್ದರೆ ನಂಟು ಅಲ್ಲೇ ಕಡಿದಿರುತ್ತದೆ. ಮಾಡೆಲ್ 12 ಎನ್ನುತ್ತದೆ, ಟೂಲ್ 8ಕ್ಕೇ ನಿಲ್ಲುತ್ತದೆ. ಆಳವನ್ನು ಯಾವಾಗಲೂ ಮಾಡೆಲ್‌ನಿಂದಲೇ ತೆಗೆದುಕೊಳ್ಳುವಂತೆ ಬಿಡಬೇಕು.

ಇದಕ್ಕಿಂತ ತೊಡಕಿನದು ಮುಖಗಳ ಹೆಸರು. ಫ್ರೀಕ್ಯಾಡ್ ಎಂಬ ಕ್ಯಾಡ್ ಸಾಫ್ಟ್‌ವೇರ್‌ನಲ್ಲಿ ಪಾಕೆಟ್ಟಿನ ತಳವನ್ನು ಆರಿಸಿದರೆ ಆಪರೇಷನ್‌ನಲ್ಲಿ ದಾಖಲಾಗುವುದು ‘ಫೇಸ್6’ ಎಂಬಂಥ ಗುರುತು. ಆಮೇಲೆ ಯಾರೋ ಮಾಡೆಲ್‌ಗೆ ಒಂದು ಚ್ಯಾಂಫರ್ (ಅಂಚನ್ನು ಓರೆಯಾಗಿ ಕತ್ತರಿಸಿದ ಮುಖ) ಸೇರಿಸುತ್ತಾರೆ. ಮುಖಗಳ ಎಣಿಕೆ ಸರಿಯುತ್ತದೆ, ಫೇಸ್6 ಈಗ ಪಕ್ಕದ ಗೋಡೆಯಾಗಿರಬಹುದು. ಇದೇ ಟೋಪೋಲಾಜಿಕಲ್ ನೇಮಿಂಗ್ ಸಮಸ್ಯೆ. 2024ರ ನವೆಂಬರ್‌ನಲ್ಲಿ ಬಂದ ಫ್ರೀಕ್ಯಾಡ್ 1.0 ಇದನ್ನು ಬಹಳಷ್ಟು ತಗ್ಗಿಸಿತು, ಪೂರ್ತಿ ನೀಗಿಸಲಿಲ್ಲ. ಆಪರೇಷನ್ ಕೆಂಪು ಗುರುತು ತೋರಿಸಿ ನಿಂತರೆ ಅದು ನಮ್ಮ ಅದೃಷ್ಟವೆಂದೇ ನನ್ನ ಎಣಿಕೆ. ಸದ್ದಿಲ್ಲದೆ ತಪ್ಪು ಮುಖಕ್ಕೆ ಅಂಟಿಕೊಳ್ಳುವುದೇ ಅಪಾಯ.

ಪೀಣ್ಯದಂಥ ಕಡೆ ಜಾಬ್‌ವರ್ಕ್ ಮಾಡುವ ಶಾಪ್‌ಗಳಿಗೆ ಗಿರಾಕಿ ಕಳಿಸುವುದು ಹೆಚ್ಚಾಗಿ ಸ್ಟೆಪ್ ಫೈಲು. ಅದರಲ್ಲಿ ಆಕಾರ ಇರುತ್ತದೆ, ಫೀಚರ್‌ಗಳ (ಪಾಕೆಟ್, ರಂಧ್ರ ಮುಂತಾದವುಗಳ) ಇತಿಹಾಸ ಇರುವುದಿಲ್ಲ. ಹೊಸ ರಿವಿಷನ್ ಬಂದಾಗ ಮುಖಗಳನ್ನು ಮತ್ತೆ ಆರಿಸಬೇಕಾಗುವುದೇ ಹೆಚ್ಚು.

ಸ್ಟಾಕ್ (ಕತ್ತರಿಸುವ ಮುನ್ನಿನ ಕಚ್ಚಾ ತುಂಡು) ಮತ್ತು ಝೀರೊ (ಅಳತೆಗಳನ್ನೆಲ್ಲ ಎಣಿಸುವ ಮೂಲಬಿಂದು) ಕೂಡ ಈ ನಂಟಿನೊಳಗೇ ಬರುತ್ತವೆ. ಸ್ಟಾಕ್ ಅಳತೆ ಮಾಡೆಲ್‌ನ ಹೊರಮೈಯಿಂದ ಬರುತ್ತಿದ್ದು, ಝೀರೊ ಸ್ಟಾಕ್‌ನ ನಡುವೆ ಇದೆ ಎನ್ನಿ. ಪಾರ್ಟ್ ಒಂದೇ ಬದಿಗೆ 20 ಮಿ.ಮೀ. ಬೆಳೆದರೆ ಝೀರೊ 10 ಮಿ.ಮೀ. ಸರಿಯುತ್ತದೆ. ತುಂಡನ್ನು ಹಿಡಿಯುವ ವೈಸ್‌ನಲ್ಲಿ ಸ್ಟಾಪರ್ ಇಟ್ಟು ಹಳೆಯ ಆಫ್‌ಸೆಟ್‌ನಲ್ಲೇ (ಮಷೀನ್‌ಗೆ ಕೊಟ್ಟ ಝೀರೊದ ಸ್ಥಾನ) ಓಡಿಸಿದರೆ ರಂಧ್ರಗಳೆಲ್ಲ ಅಷ್ಟೇ ದೂರ ತಪ್ಪುತ್ತವೆ. ಬೆಳೆಯದ ಬದಿಯ ಮೂಲೆಯೊಂದಕ್ಕೆ ಝೀರೊ ಕಟ್ಟುವುದು ಲೇಸು.

ರೀಜನರೇಟ್ ಆಯಿತೆಂದರೆ ಟೂಲ್‌ಪಾತ್ ಸರಿಯಿದೆ ಎಂದಲ್ಲ. ಪಾಕೆಟ್ಟಿನ ಒಳಮೂಲೆಯ ರೇಡಿಯಸ್ 5ರಿಂದ 3 ಮಿ.ಮೀ.ಗೆ ಇಳಿದರೆ 8 ಮಿ.ಮೀ. ವ್ಯಾಸದ ಎಂಡ್ ಮಿಲ್ (ಕತ್ತರಿಸುವ ಟೂಲ್) ಅಲ್ಲಿಗೆ ಹೋಗಲಾರದು, ಮೂಲೆಯಲ್ಲಿ ಮೆಟಲ್ ಉಳಿಯುತ್ತದೆ. ಟೂಲ್ ಬದಲಿಸಬೇಕೆಂಬ ತೀರ್ಮಾನ ಪ್ರೋಗ್ರಾಮರ್‌ನದು. ಸಿಮ್ಯುಲೇಷನ್ ನೋಡಿ, ಉಳಿದ ಮೆಟೀರಿಯಲ್ಲನ್ನು ಮಾಡೆಲ್ ಜೊತೆ ಹೋಲಿಸಲೇಬೇಕು.

ಪೋಸ್ಟ್ ಪ್ರೊಸೆಸರ್ (ಟೂಲ್‌ಪಾತನ್ನು ಮಷೀನ್‌ನ ಭಾಷೆಗೆ ತಿರುಗಿಸುವ ಭಾಗ) ಜಿ-ಕೋಡ್, ಅಂದರೆ ಮಷೀನ್ ಓದುವ ಪ್ರೋಗ್ರಾಂ, ಬರೆದುಕೊಟ್ಟ ಗಳಿಗೆಗೆ ಈ ನಂಟು ಮುಗಿಯುತ್ತದೆ. ಮಷೀನ್‌ನ ಕಂಟ್ರೋಲರ್‌ನಲ್ಲಿರುವ ಪ್ರೋಗ್ರಾಂಗೆ ಮಾಡೆಲ್ ಬದಲಾದ ಸುದ್ದಿ ತಲುಪುವುದಿಲ್ಲ. ಮತ್ತೆ ಪೋಸ್ಟ್ ಮಾಡಿ, ಪ್ರೋಗ್ರಾಂನ ಮೊದಲ ಸಾಲಿನ ಕಾಮೆಂಟ್‌ನಲ್ಲಿ ರಿವಿಷನ್ ನಂಬರ್ ಬರೆದು, ಹಳೆಯದನ್ನು ಮಷೀನ್‌ನಿಂದ ಅಳಿಸಿಬಿಡಿ.