ಈರುಳ್ಳಿ ಬಿಟ್ಟ ಆರು ವಾರ, ವಾಪಸ್ ತಂದ ಮೂರು ತಿಂಗಳು

ಹೋದ ವರ್ಷ ಸಂಕ್ರಾಂತಿಗೆ ನಮ್ಮ ಮನೆಯಲ್ಲಿ ಹಿತಕಿದ ಬೇಳೆ ಸಾರು. ಹಿಂದಿನ ರಾತ್ರಿ ಕೂತು ಅಷ್ಟೂ ಅವರೆಕಾಳು ಹಿತುಕಿದವಳು ನಾನೇ. ಮಧ್ಯಾಹ್ನ ಎಲ್ಲರಿಗೂ ಮುದ್ದೆ, ಸಾರು ಬಡಿಸಿ, ಬೇರೆ ಪಾತ್ರೆಯಲ್ಲಿ ಮಾಡಿಕೊಂಡಿದ್ದ ಮೆಣಸಿನ ಸಾರು ಹಾಕಿಕೊಂಡು ನಾನು ಊಟಕ್ಕೆ ಕೂತೆ. ಅತ್ತೆ ಸ್ವಲ್ಪ ಹೊತ್ತು ನೋಡಿದರು. "ಅವರೆಕಾಳು ತಿಂದು ಯಾರ್ ಕೆಟ್ಟವ್ರೆ ಕಣವ್ವ? ನಮ್ಮಪ್ಪ ಸಾಯೋಗಂಟ ತಿಂದ್ರು" ಅಂದರು. ನಾದಿನಿ, "ಅತ್ತಿಗೆ, ಇದೆಲ್ಲ ಮೊಬೈಲ್ ನೋಡಿ ಶುರು ಮಾಡಿದ್ದಾ?" ಅಂತ ಕೇಳಿದಳು. ನನಗೆ ಉತ್ತರ ಕೊಡಲು ಆಗಲಿಲ್ಲ. ಆ ಅನುಮಾನ ನನಗೂ ಇತ್ತು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಸುಮಾರು ಏಳು ವರ್ಷದಿಂದ ಹೊಟ್ಟೆಯದೇ ಗೋಳು. ಉಬ್ಬರ, ನುಲಿತ, ಕೆಲವು ದಿನ ಬೆಳಗ್ಗೆ ಮೂರು ನಾಲ್ಕು ಸಲ ಟಾಯ್ಲೆಟ್ಟು, ಆಮೇಲೆ ಎರಡು ದಿನ ಏನೂ ಇಲ್ಲ. ಶಾಲೆಗೆ ಬಸ್ಸಿನಲ್ಲಿ 40 ನಿಮಿಷ. ಆ 40 ನಿಮಿಷ ಹೇಗೆ ಕಳೆಯುತ್ತೇನೋ ಅನ್ನೋ ಭಯಕ್ಕೆ ಎಷ್ಟೋ ದಿನ ತಿಂಡಿ ತಿನ್ನದೇ ಹೋಗಿದ್ದೇನೆ. ರಕ್ತ ಪರೀಕ್ಷೆ, ಸ್ಕ್ಯಾನಿಂಗ್, ಎಂಡೋಸ್ಕೋಪಿ ಎಲ್ಲ ಆಯಿತು, ಎಲ್ಲ ನಾರ್ಮಲ್. ಗ್ಯಾಸ್ಟ್ರಿಕ್ ಅಂತ ಮಾತ್ರೆ ಕೊಟ್ಟರು. ಟೆನ್ಷನ್ ಬಿಡಿ ಮೇಡಂ ಅಂದರು. ಕೊನೆಗೆ ಒಬ್ಬ ಡಾಕ್ಟರು ಸಮಾಧಾನದಿಂದ ಎಲ್ಲ ಕೇಳಿಕೊಂಡು, ಇದು ಐಬಿಎಸ್, ಅಂದರೆ ಇರಿಟಬಲ್ ಬವೆಲ್ ಸಿಂಡ್ರೋಮ್ ಅಂದರು. ಒಬ್ಬ ಡಯೆಟೀಷಿಯನ್ ಹತ್ತಿರ ಕಳಿಸಿದರು. ಆಕೆ ಕೊಟ್ಟ ಪಟ್ಟಿ ನೋಡಿ ತಲೆ ತಿರುಗಿತು. ಈರುಳ್ಳಿ ಇಲ್ಲ, ಬೆಳ್ಳುಳ್ಳಿ ಇಲ್ಲ, ಗೋಧಿ ಇಲ್ಲ, ಬೇಳೆ ಕಾಳು ಇಲ್ಲ, ಹಾಲು ಇಲ್ಲ, ಸೇಬು, ಮಾವು, ಕಲ್ಲಂಗಡಿ ಇಲ್ಲ, ಹೂಕೋಸು ಇಲ್ಲ, ಜೇನುತುಪ್ಪ ಇಲ್ಲ. ಆರು ವಾರ.

ಎಲ್ಲ ನಾರ್ಮಲ್ ಆಗಿದ್ದರೆ ನೋವು ಎಲ್ಲಿಂದ ಬರುತ್ತದೆ? ಇದಕ್ಕೆ 1973ರಲ್ಲೇ ಒಂದು ಸುಳಿವು ಸಿಕ್ಕಿತ್ತು. ರಿಚ್ಚಿ ಅನ್ನೋ ವೈದ್ಯ ದೊಡ್ಡ ಕರುಳಿನ ಕೊನೆಯ ಭಾಗದಲ್ಲಿ ಸಣ್ಣ ಬಲೂನು ಇಟ್ಟು ಗಾಳಿ ತುಂಬಿ ನೋಡಿದರು. 60 ಮಿಲಿ ತುಂಬಿದಾಗ ಐಬಿಎಸ್ ಇರುವವರಲ್ಲಿ ನೂರಕ್ಕೆ 55 ಜನ ನೋವು ಅಂದರು. ಐಬಿಎಸ್ ಇಲ್ಲದವರಲ್ಲಿ ನೂರಕ್ಕೆ 6 ಜನ ಮಾತ್ರ. ಅಂದರೆ ಅಷ್ಟೇ ಗಾಳಿ, ಆದರೆ ನಮ್ಮ ಕರುಳಿನ ನರಗಳು ಅದನ್ನು ನೋವು ಅಂತ ಮೆದುಳಿಗೆ ಹೇಳುತ್ತವೆ. ಸ್ಕ್ಯಾನಿಂಗ್‌ನಲ್ಲಿ ಇದು ಕಾಣುವುದಿಲ್ಲ. ಕಾಣದ್ದಕ್ಕೆ ಟೆನ್ಷನ್ ಅಂತ ಹೆಸರಿಡುವುದು ಸುಲಭ. ಟೆನ್ಷನ್ ಆದಾಗ ಈ ನೋವು ಜಾಸ್ತಿ ಆಗುತ್ತದೆ, ನಿಜ. ಆದರೆ ಟೆನ್ಷನ್ ಒಂದೇ ಕಾರಣ ಅನ್ನುವುದು ತಪ್ಪು.

ಆ ಪಟ್ಟಿಗೆ ಲೋ ಫಾಡ್‌ಮ್ಯಾಪ್ ಡಯಟ್ ಅಂತ ಹೆಸರು. ಮೆಲ್ಬೋರ್ನ್‌ನ ಮೊನಾಶ್ ವಿಶ್ವವಿದ್ಯಾಲಯದ ಪೀಟರ್ ಗಿಬ್ಸನ್ ಮತ್ತು ಸ್ಯೂ ಶೆಪರ್ಡ್ 2005ರಲ್ಲಿ ಆ ಹೆಸರು ಇಟ್ಟರು. ನಾವು ತಿನ್ನುವ ಕೆಲವು ಸಕ್ಕರೆಗಳು, ಸಕ್ಕರೆಯ ಸಣ್ಣ ಸರಪಳಿಗಳು, ಸಣ್ಣ ಕರುಳಿನಲ್ಲಿ ಪೂರ್ತಿ ಹೀರಿಕೊಳ್ಳದೆ ಉಳಿಯುತ್ತವೆ. ಇವಕ್ಕೇ ಫಾಡ್‌ಮ್ಯಾಪ್ ಅನ್ನುತ್ತಾರೆ, ಲೋ ಅಂದರೆ ಅವು ಕಡಿಮೆ ಇರುವ ಊಟ. ಉಳಿದದ್ದು ಎರಡು ಕೆಲಸ ಮಾಡುತ್ತದೆ. ಮೊದಲನೆಯದು, ನೀರು ಎಳೆಯುತ್ತದೆ. ಒಣದ್ರಾಕ್ಷಿ ನೀರಲ್ಲಿ ಹಾಕಿದರೆ ಉಬ್ಬುತ್ತದಲ್ಲ, ನಾನು ಪ್ರತಿ ವರ್ಷ ಮಕ್ಕಳಿಗೆ ಮಾಡಿ ತೋರಿಸುವ ಆಸ್ಮಾಸಿಸ್, ಅದೇ ಕರುಳಿನೊಳಗೆ ನಡೆಯುತ್ತದೆ. ಎರಡನೆಯದು, ದೊಡ್ಡ ಕರುಳಿಗೆ ಹೋಗಿ ಅಲ್ಲಿನ ಬ್ಯಾಕ್ಟೀರಿಯಾಗಳಿಗೆ ಊಟ ಆಗುತ್ತದೆ, ಅವು ಹೈಡ್ರೋಜನ್, ಕಾರ್ಬನ್ ಡೈಆಕ್ಸೈಡ್, ಕೆಲವರಲ್ಲಿ ಮೀಥೇನ್ ಬಿಡುತ್ತವೆ. ನೀರು ಮತ್ತು ಗ್ಯಾಸು ಸೇರಿ ಕರುಳು ಹಿಗ್ಗುತ್ತದೆ. ಇದು ಎಲ್ಲರಿಗೂ ಆಗುತ್ತದೆ, ಅತ್ತೆಗೂ ಆಗುತ್ತದೆ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಎಂಆರ್‌ಐ ಮಾಡಿ ನೋಡಿದಾಗ, ಇಂಥ ಸಕ್ಕರೆ ಕುಡಿದ ಮೇಲೆ ಆರೋಗ್ಯವಂತರ ಕರುಳೂ ಐಬಿಎಸ್ ಇರುವವರ ಕರುಳೂ ಹೆಚ್ಚುಕಡಿಮೆ ಒಂದೇ ಥರ ಕಂಡವು. ಹೆಚ್ಚು ನರಳಿದವರು ಮಾತ್ರ ಐಬಿಎಸ್‌ನವರು. ಅವರೆಕಾಳು ತಿಂದು ಯಾರೂ ಕೆಟ್ಟಿಲ್ಲ ಅನ್ನೋ ಅತ್ತೆಯ ಮಾತು ಪೂರ್ತಿ ಸರಿ. ಅವರೆಕಾಳು ಕೆಟ್ಟದ್ದಲ್ಲ. ನನ್ನ ಕರುಳಿಗೆ ಹಿಗ್ಗಿದ್ದು ಜಾಸ್ತಿ ಗೊತ್ತಾಗುತ್ತದೆ, ಅಷ್ಟೇ.

ಬೇಳೆಕಾಳಿನಲ್ಲಿ ಇರುವುದು ರಾಫಿನೋಸ್, ಸ್ಟಾಕಿಯೋಸ್ ಅನ್ನೋ ಸಕ್ಕರೆಗಳು. ಇವುಗಳನ್ನು ಒಡೆಯುವ ಕಿಣ್ವ ಯಾವ ಮನುಷ್ಯನ ಕರುಳಿನಲ್ಲೂ ಇಲ್ಲ. ಈರುಳ್ಳಿ, ಬೆಳ್ಳುಳ್ಳಿ, ಗೋಧಿಯಲ್ಲಿ ಇರುವುದು ಫ್ರಕ್ಟಾನ್. ಅದಕ್ಕೂ ಕಿಣ್ವ ಇಲ್ಲ. ಇವೆಲ್ಲ ನೀರಿನಲ್ಲಿ ಕರಗುತ್ತವೆ, ಎಣ್ಣೆಯಲ್ಲಿ ಕರಗುವುದಿಲ್ಲ. ಈ ಒಂದು ವಿಷಯ ಗೊತ್ತಾದ ಮೇಲೆ ನನ್ನ ಅಡುಗೆಮನೆಯೇ ಬೇರೆ ಥರ ಕಾಣತೊಡಗಿತು. ಬೇಳೆ ನೆನೆಸಿ ನೀರು ಚೆಲ್ಲಿದರೆ, ಬೇಯಿಸಿದ ನೀರನ್ನೂ ಬಸಿದರೆ, ತೊಂದರೆ ಕೊಡುವುದರಲ್ಲಿ ಒಂದಷ್ಟು ಹೊರಗೆ ಹೋಗುತ್ತದೆ. ಆದರೆ ನಾವು ಒಬ್ಬಟ್ಟು ಮಾಡಿದಾಗ ಬೇಳೆ ಬಸಿದ ಕಟ್ಟನ್ನೇ ಸಾರು ಮಾಡುತ್ತೇವಲ್ವಾ? ಒಬ್ಬಟ್ಟಿನ ಸಾರು ತಿಳಿಯಾಗಿದೆ, ಹೊಟ್ಟೆಗೆ ಹಗುರ ಅಂತ ವರ್ಷಗಟ್ಟಲೆ ಎರಡೆರಡು ಲೋಟ ಕುಡಿದಿದ್ದೇನೆ. ಕರಗಿದ ಸಕ್ಕರೆ ಇದ್ದದ್ದೇ ಅದರಲ್ಲಿ.

ಸರಿ, ವಿವರಣೆ ಚೆನ್ನಾಗಿದೆ. ಆದರೆ ಚೆಂದದ ವಿವರಣೆ ಇದ್ದ ಮಾತ್ರಕ್ಕೆ ಅದು ಕೆಲಸ ಮಾಡುತ್ತದೆ ಅಂತ ಅಲ್ಲ. ಐಬಿಎಸ್ ವಿಷಯದಲ್ಲಿ ಇದು ಇನ್ನೂ ಕಷ್ಟ. 2010ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ 80 ಜನ ಐಬಿಎಸ್ ರೋಗಿಗಳ ಮೇಲೆ ಒಂದು ಪ್ರಯೋಗ ನಡೆಯಿತು. ಅರ್ಧ ಜನಕ್ಕೆ ಮಾತ್ರೆ ಕೊಟ್ಟು, ಇದರಲ್ಲಿ ಔಷಧಿ ಇಲ್ಲ ಅಂತ ಬಾಯಿಬಿಟ್ಟು ಹೇಳಿದರು. ಮೂರು ವಾರದಲ್ಲಿ ಅವರಲ್ಲಿ ನೂರಕ್ಕೆ 59 ಜನ ಪರವಾಗಿಲ್ಲ ಅಂದರು. ಮಾತ್ರೆ ಇಲ್ಲದವರಲ್ಲಿ 35. ಔಷಧಿ ಇಲ್ಲ ಅಂತ ಗೊತ್ತಿರುವ ಮಾತ್ರೆಯೇ ಇಷ್ಟು ಮಾಡಿದರೆ, ಬೆಳಗಿಂದ ರಾತ್ರಿವರೆಗೆ ನಾವೇ ಕಷ್ಟಪಟ್ಟು ಮಾಡುವ ಪಥ್ಯ ಎಷ್ಟು ಮಾಡಬೇಡ! ನಾದಿನಿ ಕೇಳಿದ್ದು ಸಣ್ಣ ಪ್ರಶ್ನೆ ಅಲ್ಲ. ಇದು ನಂಬಿಕೆಯ ಫಲವೋ, ಈರುಳ್ಳಿ ಬಿಟ್ಟ ಫಲವೋ?

ಇದನ್ನು ತಿಳಿಯಲು ಒಂದೇ ದಾರಿ, ಏನು ತಿನ್ನುತ್ತಿದ್ದೇವೆ ಅಂತ ತಿನ್ನುವವರಿಗೇ ಗೊತ್ತಿರಬಾರದು. ಶೆಪರ್ಡ್ 2008ರಲ್ಲಿ ಇದನ್ನೇ ಮಾಡಿದರು. ಪಥ್ಯದಿಂದ ಚೇತರಿಸಿಕೊಂಡಿದ್ದ 25 ಜನಕ್ಕೆ ಗುಟ್ಟಾಗಿ ಬೇರೆ ಬೇರೆ ಪಾನೀಯ ಕೊಟ್ಟರು. ಫ್ರಕ್ಟಾನ್ ಇದ್ದದ್ದು ಕುಡಿದಾಗ ನೂರಕ್ಕೆ 77 ಜನಕ್ಕೆ ಹೊಟ್ಟೆ ಕೆಟ್ಟಿತು. ಬರೀ ಗ್ಲೂಕೋಸ್ ಕುಡಿದಾಗ ನೂರಕ್ಕೆ 14 ಜನಕ್ಕೆ. 2014ರಲ್ಲಿ ಅದೇ ಮೊನಾಶ್ ತಂಡ 30 ರೋಗಿಗಳಿಗೆ ಊಟವನ್ನೆಲ್ಲ ತಾವೇ ಕೊಟ್ಟು, 21 ದಿನ ಈ ಥರ, 21 ದಿನ ಮಾಮೂಲಿ ಆಸ್ಟ್ರೇಲಿಯನ್ ಊಟದ ಥರ ತಿನ್ನಿಸಿ ನೋಡಿತು. ನೂರಕ್ಕೆ ಇಷ್ಟು ಅಂತ ಅಳೆದ ತೊಂದರೆ ಸುಮಾರು 45 ಇದ್ದದ್ದು ಸುಮಾರು 23ಕ್ಕೆ ಇಳಿಯಿತು.

ಇದರಲ್ಲಿ ನನಗೆ ತುಂಬಾ ಇಷ್ಟವಾದದ್ದು 2013ರ ಕೆಲಸ. ಗೋಧಿಯ ಗ್ಲುಟೆನ್ ಅನ್ನೋ ಪ್ರೋಟೀನ್ ಆಗಿಬರುವುದಿಲ್ಲ ಅಂತ ಗಟ್ಟಿಯಾಗಿ ನಂಬಿದ್ದ 37 ಜನ. ಗ್ಲುಟೆನ್‌ನಿಂದ ಕರುಳಿಗೇ ಹಾನಿಯಾಗುವ ಸೀಲಿಯಾಕ್ ಕಾಯಿಲೆ ಇವರಿಗೆ ಇರಲಿಲ್ಲ. ಮೊದಲು ಅವರಿಗೆ ಲೋ ಫಾಡ್‌ಮ್ಯಾಪ್ ಊಟ ಕೊಟ್ಟರು, ಎಲ್ಲರೂ ಸುಧಾರಿಸಿದರು. ಆಮೇಲೆ ಗುಟ್ಟಾಗಿ ಗ್ಲುಟೆನ್ ಸೇರಿಸಿದರು. ಗ್ಲುಟೆನ್‌ನಿಂದಲೇ ತೊಂದರೆ ಅಂತ ಕಂಡದ್ದು ನೂರಕ್ಕೆ 8 ಜನದಲ್ಲಿ. ಅವರ ಹೊಟ್ಟೆನೋವು ಸುಳ್ಳಲ್ಲ, ಗೋಧಿ ಬಿಟ್ಟಾಗ ಹಾಯೆನಿಸಿದ್ದೂ ಸುಳ್ಳಲ್ಲ. ತಪ್ಪಿದ್ದು ಕಾರಣ ಒಂದೇ. ಇದೇ ಗಿಬ್ಸನ್ ತಂಡ ಎರಡು ವರ್ಷ ಮೊದಲು ಗ್ಲುಟೆನ್ನೇ ಕಾರಣ ಇರಬಹುದು ಅಂತ ಬರೆದಿತ್ತು, ಆಮೇಲೆ ತಾವೇ ಇನ್ನೂ ಬಿಗಿಯಾದ ಪ್ರಯೋಗ ಮಾಡಿ ಅದನ್ನು ತಿದ್ದಿಕೊಂಡರು. ಅದನ್ನು ಓದಿದ ದಿನ ನಾನು ಆರು ವಾರ ಮಾಡೇಬಿಡೋಣ ಅಂತ ನಿರ್ಧರಿಸಿದ್ದು.

ಶುರು ಮಾಡಿದ ಮೇಲೆ ನನ್ನನ್ನು ನೋಡಿ ಆಶ್ಚರ್ಯಪಡದೇ ಇದ್ದವರು ಒಬ್ಬರೇ, ನಮ್ಮ ಮಹಡಿ ಮನೆಯ ಅಜ್ಜಿ. ಅವರು ಮಾಧ್ವರು. ಚಾತುರ್ಮಾಸ್ಯದ ನಾಲ್ಕು ತಿಂಗಳು ವ್ರತದ ಅಡುಗೆ ಮಾಡಿ ಬೆಳೆದವರು. ಮೊದಲ ತಿಂಗಳು ತರಕಾರಿ ಇಲ್ಲ, ಎರಡನೇ ತಿಂಗಳು ಮೊಸರು ಇಲ್ಲ, ಮೂರನೇ ತಿಂಗಳು ಹಾಲು ಇಲ್ಲ, ನಾಲ್ಕನೇ ತಿಂಗಳು ದ್ವಿದಳ ವ್ರತ, ಬೇಳೆಕಾಳು ಇಲ್ಲ. ಅದು ವ್ರತ, ಹೊಟ್ಟೆಯ ಚಿಕಿತ್ಸೆ ಅಲ್ಲ, ಎರಡನ್ನೂ ಕಲಸಬಾರದು. ಆದರೆ ಬೇಳೆ ಇಲ್ಲದೆ, ಈರುಳ್ಳಿ ಇಲ್ಲದೆ ರುಚಿಯಾಗಿ ಅಡುಗೆ ಮಾಡುವ ವಿದ್ಯೆ ಅವರ ಕೈಯಲ್ಲಿತ್ತು. "ಬೇಳೆ ಇಲ್ಲ ಅಂತ ಯಾಕೆ ಅಳ್ತೀಯಮ್ಮ, ಮೆಣಸು ಜೀರಿಗೆ ಹುರಿದು ಪುಡಿ ಮಾಡಿ, ಇಂಗಿನ ಒಗ್ಗರಣೆ ಜೋರಾಗಿ ಕೊಡು" ಅಂದರು. ಸಂಕ್ರಾಂತಿಯ ಆ ಮೆಣಸಿನ ಸಾರು ಅವರು ಹೇಳಿಕೊಟ್ಟದ್ದೇ. ಅಂಗಡಿಯ ಇಂಗಿನ ಡಬ್ಬಿಯ ಹಿಂದೆ ಓದಿ ನೋಡಿ, ಬಹಳಷ್ಟರಲ್ಲಿ ಮೈದಾ ಅಥವಾ ಗೋಂದು ಬೆರೆಸಿರುತ್ತಾರೆ. ಒಂದು ಚಿಟಿಕೆಯಿಂದ ನನಗೆ ತೊಂದರೆ ಆಗಲಿಲ್ಲ, ಆದರೆ ಸೀಲಿಯಾಕ್ ಇರುವವರು ಮೈದಾ ಇಲ್ಲದ್ದನ್ನೇ ಹುಡುಕಬೇಕು.

ಬೆಳ್ಳುಳ್ಳಿಯ ವಾಸನೆ ಬೇಕೇ ಬೇಕು ಅನ್ನಿಸಿದಾಗ ಎಣ್ಣೆಯಲ್ಲಿ ಎಸಳು ಹಾಕಿ ಕೆಂಪಗೆ ಬಾಡಿಸಿ, ಎಸಳು ಪೂರ್ತಿ ತೆಗೆದು, ಆ ಎಣ್ಣೆಯಲ್ಲಿ ಒಗ್ಗರಣೆ. ಘಮ ಎಣ್ಣೆಗೆ ಬರುತ್ತದೆ, ಫ್ರಕ್ಟಾನ್ ಎಸಳಿನಲ್ಲೇ ಉಳಿಯುತ್ತದೆ. ನೀರಿರುವ ಸಾರಿಗೆ ಎಸಳು ಬಿದ್ದರೆ ಲೆಕ್ಕ ತಪ್ಪಿತು. ಆ ಎಣ್ಣೆಯನ್ನು ಮಾಡಿ ಹೊರಗೆ ಇಡಬೇಡಿ, ಬೊಟುಲಿಸಂ ಅನ್ನೋ ವಿಷಾಹಾರದ ಅಪಾಯ ಇದೆ, ಅವತ್ತಿಂದು ಅವತ್ತೇ ಮಾಡಿ. ಉಳಿದದ್ದು ಅಷ್ಟು ಕಷ್ಟ ಆಗಲಿಲ್ಲ. ಅನ್ನ, ರಾಗಿ ಮುದ್ದೆ, ನೀರ್ ದೋಸೆ, ಅಕ್ಕಿ ರೊಟ್ಟಿ, ಬದನೆಕಾಯಿ, ಕ್ಯಾರೆಟ್ಟು, ಸೌತೆಕಾಯಿ, ಆಲೂಗಡ್ಡೆ, ಮೊಟ್ಟೆ, ಮೀನು, ಹುರಿಗಡಲೆ ಬದಲು ಕಡಲೆಕಾಯಿ ಬೀಜದ ಚಟ್ನಿ. ಕಷ್ಟ ಆದದ್ದು ಮದುವೆ ಮನೆ, ಸ್ಟಾಫ್‌ರೂಮಿನ ಡಬ್ಬಿ, ಪ್ರತಿ ಸಲ ಅದೇ ವಿವರಣೆ. ಒಂದು ಹಂತದಲ್ಲಿ ಸುಮ್ನೆ ಡಾಕ್ಟರು ಬೇಡ ಅಂದಿದ್ದಾರೆ ಅಂತ ಹೇಳಿ ಮುಗಿಸುತ್ತಿದ್ದೆ.

ಮೂರನೇ ವಾರದ ಹೊತ್ತಿಗೆ ಉಬ್ಬರ ಗಣನೀಯವಾಗಿ ಇಳಿಯಿತು. ಪೂರ್ತಿ ಹೋಗಲಿಲ್ಲ. ಆದರೆ ಬಸ್ಸಿನಲ್ಲಿ ಕಿಟಕಿ ಹೊರಗೆ ನೋಡಿಕೊಂಡು ಹೋದೆ, ಏಳು ವರ್ಷದ ಮೇಲೆ.

ಇಲ್ಲಿಗೇ ನಿಲ್ಲಿಸಿಬಿಡುವವರು ಬಹಳ ಜನ. ಆರಾಮಾಯಿತಲ್ಲ, ಯಾಕೆ ಮತ್ತೆ ಕೆದಕಬೇಕು ಅಂತ ಜೀವನಪೂರ್ತಿ ಪಟ್ಟಿ ಹಿಡಿದುಕೊಂಡು ಕೂರುತ್ತಾರೆ. ಇದನ್ನು ನಾನು ಬಲವಾಗಿ ವಿರೋಧಿಸುತ್ತೇನೆ. ನಮಗೆ ಗ್ಯಾಸು ಕೊಡುವ ಇದೇ ಸಕ್ಕರೆಗಳು ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳಿಗೆ ಆಹಾರ. ಈ ಪಥ್ಯದಲ್ಲಿ ಬೈಫಿಡೋಬ್ಯಾಕ್ಟೀರಿಯಾಗಳು ಕಡಿಮೆ ಆಗುತ್ತವೆ ಅಂತ ಹಲವು ಅಧ್ಯಯನಗಳಲ್ಲಿ ಕಂಡಿದೆ. ಬೇಳೆಯಿಲ್ಲದ ಸಸ್ಯಾಹಾರಿ ಊಟದಲ್ಲಿ ಪ್ರೋಟೀನ್ ಎಲ್ಲಿಂದ ಬರಬೇಕು? ಎರಡರಿಂದ ಆರು ವಾರ ಬಿಡುವುದು ಮೊದಲ ಭಾಗ ಮಾತ್ರ. ಒಂದೊಂದೇ ಪದಾರ್ಥವನ್ನು ಮೂರು ದಿನ ಸ್ವಲ್ಪ ಸ್ವಲ್ಪ ಜಾಸ್ತಿ ಮಾಡಿ ತಿಂದು, ಬರೆದಿಟ್ಟು, ನಡುವೆ ಬಿಡುವು ಕೊಟ್ಟು ವಾಪಸ್ ತರುವುದೇ ನಿಜವಾದ ಪರೀಕ್ಷೆ. ನನಗೆ ಇದಕ್ಕೆ ಮೂರು ತಿಂಗಳು ಹಿಡಿಯಿತು.

ಹಾಲಿನ ವಿಷಯ ಹೇಳಲೇಬೇಕು. ಹಾಲು ಆಗುವುದಿಲ್ಲ ಅಂತ ನಾನೇ ತೀರ್ಮಾನ ಮಾಡಿ ನಾಲ್ಕು ವರ್ಷ ಬಿಟ್ಟಿದ್ದೆ. ಪಿಯುಸಿ ಓದುವ ಮಗಳು, "ಅಮ್ಮ, ನಿಂಗೆ ಗೊತ್ತಾಗದ ಹಾಗೆ ಕೊಡ್ತೀನಿ" ಅಂದಳು. ಹತ್ತು ರಾತ್ರಿ ಸಕ್ಕರೆ, ಏಲಕ್ಕಿ ಹಾಕಿ ಒಂದು ದೊಡ್ಡ ಲೋಟ ಹಾಲು ಕೊಟ್ಟಳು. ಕೆಲವು ದಿನ ಮಾಮೂಲಿ ಹಾಲು, ಕೆಲವು ದಿನ ಲ್ಯಾಕ್ಟೋಸ್, ಅಂದರೆ ಹಾಲಿನ ಸಕ್ಕರೆ, ಇಲ್ಲದ ಪ್ಯಾಕೆಟ್ ಹಾಲು. ಯಾವತ್ತು ಯಾವುದು ಅಂತ ಅವಳ ಪುಸ್ತಕದಲ್ಲಿ, ಹೊಟ್ಟೆ ಹೇಗಿತ್ತು ಅಂತ ನನ್ನ ಪುಸ್ತಕದಲ್ಲಿ. ಹನ್ನೊಂದನೇ ದಿನ ಎರಡನ್ನೂ ಪಕ್ಕಪಕ್ಕ ಇಟ್ಟೆವು. ಏನೂ ಹೊಂದಿಕೆ ಇಲ್ಲ. ನನಗೆ ಹೊಟ್ಟೆ ಕೆಟ್ಟಿದ್ದ ಎರಡು ದಿನದಲ್ಲಿ ಒಂದು ದಿನ ಕುಡಿದದ್ದು ಲ್ಯಾಕ್ಟೋಸ್ ಇಲ್ಲದ್ದು! ಆಮೇಲೆ ಗೊತ್ತಾಯಿತು, 1995ರಲ್ಲಿ ಅಮೆರಿಕದಲ್ಲಿ ಇದೇ ಥರ, ಹಾಲು ಕಂಡರೆ ಆಗದು ಅನ್ನುವ 30 ಜನಕ್ಕೆ ಗುಟ್ಟಾಗಿ ದಿನಕ್ಕೆ 240 ಮಿಲಿ ಹಾಲು ಕೊಟ್ಟು ನೋಡಿದ್ದರು. ಎರಡು ಥರದ ಹಾಲಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ, ಅವರಲ್ಲಿ 9 ಜನಕ್ಕೆ ಲ್ಯಾಕ್ಟೋಸ್ ಸರಿಯಾಗಿಯೇ ಜೀರ್ಣ ಆಗುತ್ತಿತ್ತು. ನಾಲ್ಕು ವರ್ಷ ಸುಮ್ಮನೆ ಬಿಟ್ಟೆನಲ್ಲ ಅಂತ ಬೇಜಾರಾಯಿತು. ಮಾರನೇ ದಿನ ಫಿಲ್ಟರ್ ಕಾಫಿಗೆ ಹಾಲು ಹಾಕಿಕೊಂಡು ಕುಡಿದೆ.

ಚಪಾತಿ ಒಂದು ತಿಂದರೆ ಸರಿ, ಮೂರು ತಿಂದರೆ ಇಲ್ಲ. ತೊಗರಿಬೇಳೆ ನೆನೆಸಿ ನೀರು ಚೆಲ್ಲಿ ಮಾಡಿದರೆ ಒಂದು ಸೌಟು ಹುಳಿ ಆಗುತ್ತದೆ. ಮಾವಿನಹಣ್ಣು ಅರ್ಧ. ಈರುಳ್ಳಿ, ಬೆಳ್ಳುಳ್ಳಿ ಮಾತ್ರ ಮೂರು ಸಲ ಪ್ರಯತ್ನಿಸಿದೆ, ಮೂರು ಸಲವೂ ಸಂಜೆಯೊಳಗೆ ನುಲಿತ. ಹತ್ತಾರು ಪದಾರ್ಥದ ಪಟ್ಟಿಯಲ್ಲಿ ಕೊನೆಗೆ ಪೂರ್ತಿ ಉಳಿದದ್ದು ಇವೆರಡೇ.

ಓದಿದವರು ನಾಳೆಯೇ ಶುರು ಮಾಡಬೇಡಿ. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ, ಜ್ವರ, ರಾತ್ರಿ ನಿದ್ದೆಯಿಂದ ಎಬ್ಬಿಸುವ ಬೇಧಿ, 50 ದಾಟಿದ ಮೇಲೆ ಹೊಸದಾಗಿ ಶುರುವಾದ ತೊಂದರೆ, ಇವು ಇದ್ದರೆ ಐಬಿಎಸ್ ಅಂದುಕೊಂಡು ಕೂರಬಾರದು, ಡಾಕ್ಟರ ಹತ್ತಿರ ಹೋಗಬೇಕು. ಸೀಲಿಯಾಕ್ ಪರೀಕ್ಷೆಯನ್ನು ಗೋಧಿ ತಿನ್ನುತ್ತಿರುವಾಗಲೇ ಮಾಡಿಸಿ. ಬಿಟ್ಟ ಮೇಲೆ ಮಾಡಿಸಿದರೆ ಕಾಯಿಲೆ ಇದ್ದರೂ ಇಲ್ಲ ಅಂತ ಬರಬಹುದು. ಮಕ್ಕಳಿಗೆ, ಗರ್ಭಿಣಿಯರಿಗೆ, ಊಟದ ಬಗ್ಗೆ ಮೊದಲೇ ಭಯ ಇರುವವರಿಗೆ ಇದನ್ನು ಸ್ವಂತಕ್ಕೆ ಮಾಡಲೇಬಾರದು. ಇನ್ನೊಂದು ಮಾತು. 2015ರಲ್ಲಿ ಸ್ವೀಡನ್‌ನಲ್ಲಿ 75 ಜನರಲ್ಲಿ ಅರ್ಧದಷ್ಟು ಜನಕ್ಕೆ ಈ ಪಥ್ಯ, ಉಳಿದವರಿಗೆ ಹಳೆಯ ಸಲಹೆ ಕೊಟ್ಟರು. ಹೊತ್ತಿಗೆ ಸರಿಯಾಗಿ ತಿನ್ನಿ, ಒಮ್ಮೆಲೇ ಜಾಸ್ತಿ ತಿನ್ನಬೇಡಿ, ನಿಧಾನ ಅಗಿಯಿರಿ, ಕಾಫಿ ಮತ್ತು ಜಿಡ್ಡು ಕಡಿಮೆ ಮಾಡಿ. ಎರಡು ಗುಂಪಿನಲ್ಲೂ ಅರ್ಧದಷ್ಟು ಜನ ಸುಧಾರಿಸಿದರು. ಹಾಗಾಗಿ ಮೊದಲು ಈ ಸುಲಭದ್ದು ಮಾಡಿ ನೋಡಿ. ನಾನು ಬೆಳಗಿನ ತಿಂಡಿ ಬಿಟ್ಟು ಮಧ್ಯಾಹ್ನ ಹಸಿದು ಎರಡು ಪಟ್ಟು ತಿನ್ನುತ್ತಿದ್ದದ್ದೂ ನನ್ನ ತೊಂದರೆಯ ಒಂದು ಪಾಲು ಅಂತ ಈಗ ಅನ್ನಿಸುತ್ತದೆ.

ಈ ಸಂಕ್ರಾಂತಿಗೆ ಹಿತಕಿದ ಬೇಳೆ ನೆನೆಸಿದ ನೀರು ಚೆಲ್ಲಿ, ಬೇಯಿಸಿದ ನೀರೂ ಬಸಿದು, ನನ್ನ ಪಾಲನ್ನು ಬೇರೆ ಮಾಡಿ ಬೆಳ್ಳುಳ್ಳಿ ಎಣ್ಣೆಯ ಒಗ್ಗರಣೆ ಕೊಟ್ಟೆ. ಒಂದು ಸಣ್ಣ ಬಟ್ಟಲು ತಿಂದೆ, ಏನೂ ಆಗಲಿಲ್ಲ. ಅತ್ತೆಗೆ ಆ ಸಾರು ಸಪ್ಪೆ ಅನ್ನಿಸಿತು. ಈರುಳ್ಳಿಯನ್ನು ಆರು ತಿಂಗಳಿಗೊಮ್ಮೆ ಮತ್ತೆ ಪರೀಕ್ಷೆ ಮಾಡಿ ಅಂತ ಡಯೆಟೀಷಿಯನ್ ಹೇಳಿದ್ದಾರೆ, ಕರುಳಿನ ಸಹನೆ ಕಾಲಕ್ಕೆ ತಕ್ಕಂತೆ ಬದಲಾಗಬಹುದಂತೆ. ಏಪ್ರಿಲ್‌ನಲ್ಲಿ ಶಾಲೆಗೆ ರಜ, ಬಸ್ಸು ಹತ್ತುವ ಚಿಂತೆ ಇಲ್ಲ. ಆಗ ಒಂದು ಚಮಚ ಹೆಚ್ಚಿದ ಈರುಳ್ಳಿಯಿಂದ ಮತ್ತೆ ಶುರು ಮಾಡುತ್ತೇನೆ.